ಡೊಮೇನ್ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ನಿಯಮ ಜಾರಿಯಾಗದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಕನಿಷ್ಠ 12 ಅಕ್ಷರಗಳ ಪಾಸ್‌ವರ್ಡ್ ಕಡ್ಡಾಯವೆಂದು ಸರ್ವರಿನಲ್ಲಿ ಬರೆದು ವಾರ ಕಳೆದಿದೆ. ಹಾಗಿದ್ದರೂ ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ಬೆಳಿಗ್ಗೆ 7 ಅಕ್ಷರಗಳ ಹೊಸ ಪಾಸ್‌ವರ್ಡ್ ಇಟ್ಟುಕೊಂಡಿದ್ದಾರೆ, ಸರ್ವರ್ ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡಿದೆ. ಪಕ್ಕದ ಕೋಣೆಯಿಂದ ಇದಕ್ಕೆ ತದ್ವಿರುದ್ಧವಾದ ದೂರು: 16 ಅಕ್ಷರಗಳ, ಯಾರ ಊಹೆಗೂ ಸಿಗದ ಪಾಸ್‌ವರ್ಡನ್ನು ಅದೇ ಸರ್ವರ್ ಮತ್ತೆ ಮತ್ತೆ ತಿರಸ್ಕರಿಸುತ್ತಿದೆ. ಇಂಥ ದೂರು ಬಂದಾಗ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಗ್ರೂಪ್ ಪಾಲಿಸಿ (ನೆಟ್‌ವರ್ಕಿನ ಕಂಪ್ಯೂಟರುಗಳಿಗೆ ಒಂದೇ ಕಡೆ ನಿಯಮ ಬರೆದಿಡುವ ವಿಂಡೋಸ್ ವ್ಯವಸ್ಥೆ) ಎಡಿಟರ್ ತೆರೆದು ಅಲ್ಲಿನ ಅಂಕಿಗಳನ್ನು ಇನ್ನೊಮ್ಮೆ ತಿದ್ದುವುದು. ಎಡಿಟರಿನಲ್ಲಿ ಕಾಣುವುದು ಬರೆದಿಟ್ಟ ನಿಯಮವೇ ಹೊರತು ಜಾರಿಯಲ್ಲಿರುವ ನಿಯಮವಲ್ಲ. ಅದನ್ನು ನೋಡಿ ನೆಟ್‌ವರ್ಕಿನ ಸ್ಥಿತಿ ಹೇಳುವುದೆಂದರೆ ಚೀಲಕ್ಕೆ ಹೊಲಿದ ಚೀಟಿ ನೋಡಿ ಒಳಗಿನ ಕಾಫಿಯ ದರ್ಜೆ ತೀರ್ಮಾನಿಸಿದ ಹಾಗೆ. ಆದ್ದರಿಂದ ಈ ಕೈಪಿಡಿಯಲ್ಲಿ ತಿದ್ದುವ ಕೆಲಸ ಕೊನೆಗೆ ಬರುತ್ತದೆ. ಅದಕ್ಕೆ ಮೊದಲು ಬರುವುದು, ಈ ಖಾತೆಯ ಪಾಸ್‌ವರ್ಡನ್ನು ಯಾವ ಯಂತ್ರ ಒಪ್ಪುತ್ತದೆ ಅಥವಾ ನಿರಾಕರಿಸುತ್ತದೆ, ಆ ಯಂತ್ರದ ಕೈಯಲ್ಲಿ ಈ ಕ್ಷಣ ಯಾವ ನಿಯಮವಿದೆ ಎಂಬ ವಿಚಾರಣೆ.

ಉದಾಹರಣೆಗಾಗಿ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ ಕಚೇರಿಯನ್ನು ಇಟ್ಟುಕೊಳ್ಳೋಣ. ನಗರದ ಮುಖ್ಯ ಕಚೇರಿಯಲ್ಲಿ ವಿಂಡೋಸ್ ಸರ್ವರ್ ಮೇಲೆ ನಡೆಯುವ ಒಂದು ಡೊಮೇನ್ ಕಂಟ್ರೋಲರ್ (ಡೊಮೇನ್ ಎಂದರೆ ಒಂದೇ ಖಾತೆಪಟ್ಟಿಯಡಿ ಸೇರಿದ ಕಂಪ್ಯೂಟರುಗಳ ಕೂಟ; ಆ ಪಟ್ಟಿಯನ್ನಿಟ್ಟುಕೊಂಡು ಲಾಗಿನ್ ಪರೀಕ್ಷಿಸುವ ಸರ್ವರೇ ಕಂಟ್ರೋಲರ್), ಮೂಡಿಗೆರೆಯ ಶಾಖೆಯಲ್ಲಿ ಎರಡನೆಯದು, ನಡುವೆ ಮಳೆಗಾಲದಲ್ಲಿ ಆಗಾಗ ಕೈಕೊಡುವ ಇಂಟರ್ನೆಟ್ ಸಂಪರ್ಕ, ಗೇಟಿನ ಬಳಿ ಲಾರಿ ತೂಗುವ ವೇಬ್ರಿಡ್ಜಿನ ಒಂದು ಕಂಪ್ಯೂಟರ್, ತೋಟಗಳ ಮ್ಯಾನೇಜರುಗಳ ಮತ್ತು ರೈಟರುಗಳ ಕೈಯಲ್ಲಿ ಓಡಾಡುವ ಲ್ಯಾಪ್‌ಟಾಪುಗಳು. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಮಧ್ಯಮ ಗಾತ್ರದ ಕಚೇರಿಗಳ ನೆಟ್‌ವರ್ಕು ಹೆಚ್ಚುಕಡಿಮೆ ಇದೇ ರೂಪದಲ್ಲಿರುತ್ತದೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಒತ್ತುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಖಾತೆ ಎಲ್ಲಿದೆ ಎಂಬುದನ್ನು ಮೊದಲು ತಿಳಿಯುವುದು

ದೂರು ತಂದವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಅವರು ಯಾವ ಪಾಸ್‌ವರ್ಡಿನ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದು. ಕೇಳಲು ಸಣ್ಣ ಪ್ರಶ್ನೆ, ಆದರೆ ದೂರುಗಳಲ್ಲಿ ಗಣನೀಯ ಭಾಗ ಇಲ್ಲಿಯೇ ಮುಗಿಯುತ್ತದೆ. ವೇಬ್ರಿಡ್ಜಿನ ತಂತ್ರಾಂಶಕ್ಕೆ ತನ್ನದೇ ಬಳಕೆದಾರರ ಪಟ್ಟಿಯಿದೆ, ಟ್ಯಾಲಿಗೂ ಇದೆ, ಸಿಸಿಟಿವಿಯ ರೆಕಾರ್ಡರಿಗೂ, ಬೆರಳಚ್ಚು ಹಾಜರಾತಿ ಯಂತ್ರಕ್ಕೂ, ವೈಫೈ ರೂಟರಿಗೂ ಇದೆ. ಡೊಮೇನಿನ ನಿಯಮ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಆ ತಂತ್ರಾಂಶದ ಅಥವಾ ಸಾಧನದ ಒಳಗೇ ಹೋಗಿ ಪ್ರತ್ಯೇಕವಾಗಿ ನಿಯಮ ಹಾಕಬೇಕು. ಇನ್ನು ವಿಂಡೋಸಿನ ಹೋಮ್ ಆವೃತ್ತಿಯಿರುವ ಲ್ಯಾಪ್‌ಟಾಪು ಡೊಮೇನಿಗೆ ಸೇರಲಾರದು. ಅಂಗಡಿಯಿಂದ ಅವಸರದಲ್ಲಿ ತಂದ ಯಂತ್ರಗಳಲ್ಲಿ ಈ ಆವೃತ್ತಿಯೇ ಇರುವುದು ಸಾಮಾನ್ಯವಾದ್ದರಿಂದ ಮೊದಲು ಅದನ್ನು ನೋಡಿಬಿಡುವುದು ಒಳ್ಳೆಯದು.

ವಿಂಡೋಸಿನ ಲಾಗಿನ್ನೇ ಆಗಿದ್ದರೆ ಆ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಹೂ ಆಮ್ ಐ’ ಎಂದು ಬಿಡಿಸದೆ ಒಂದೇ ಪದವಾಗಿ ಕೊಡಬೇಕು. ಓರೆಗೆರೆಯ ಮೊದಲು ಡೊಮೇನಿನ ಹೆಸರು ಬಂದರೆ ಖಾತೆ ಡೊಮೇನ್ ಕಂಟ್ರೋಲರಿನಲ್ಲಿದೆ. ಕಂಪ್ಯೂಟರಿನದೇ ಹೆಸರು ಬಂದರೆ ಅದು ಸ್ಥಳೀಯ ಖಾತೆ. ಮುಂದಿನ ಪರೀಕ್ಷೆಗಳಿಗೆಲ್ಲ ಈ ವ್ಯತ್ಯಾಸವೇ ಆಧಾರ.

ಜಾರಿಯಲ್ಲಿರುವ ನಿಯಮವನ್ನು ಓದುವುದು

ಡೊಮೇನಿಗೆ ಸೇರಿದ ಯಾವುದೇ ಕಂಪ್ಯೂಟರಿನಿಂದ ‘ನೆಟ್ ಅಕೌಂಟ್ಸ್ /ಡೊಮೇನ್’ ಎಂಬ ಆಜ್ಞೆ ಕೊಟ್ಟರೆ ಕನಿಷ್ಠ ಉದ್ದ, ಕನಿಷ್ಠ ಮತ್ತು ಗರಿಷ್ಠ ಅವಧಿ (ಪಾಸ್‌ವರ್ಡನ್ನು ಎಷ್ಟು ದಿನ ಬದಲಾಯಿಸುವಂತಿಲ್ಲ, ಎಷ್ಟು ದಿನದೊಳಗೆ ಬದಲಾಯಿಸಲೇಬೇಕು ಎಂಬುದು), ನೆನಪಿಡುವ ಹಳೆಯ ಪಾಸ್‌ವರ್ಡುಗಳ ಸಂಖ್ಯೆ, ಎಷ್ಟು ತಪ್ಪು ಪಾಸ್‌ವರ್ಡುಗಳ ನಂತರ ಖಾತೆಗೆ ಬೀಗ ಬೀಳುತ್ತದೆಂಬ ಮಿತಿ, ಇಷ್ಟೂ ಬರುತ್ತವೆ. ಕೊನೆಯ ಪದವನ್ನು ಬಿಟ್ಟು ಬರೀ ‘ನೆಟ್ ಅಕೌಂಟ್ಸ್’ ಎಂದರೆ ಬರುವುದು ಆ ಕಂಪ್ಯೂಟರಿನ ಸ್ಥಳೀಯ ಖಾತೆಗಳಿಗೆ ಅನ್ವಯಿಸುವ ನಿಯಮ. ಇವೆರಡನ್ನು ಬೆರೆಸಿಕೊಂಡು ‘ನಿಯಮ ಬಂದಿದೆಯಲ್ಲ’ ಎಂದು ವಾದಿಸುವುದನ್ನು ಎಷ್ಟೋ ಕಡೆ ಕಾಣಬಹುದು. ಈ ಆಜ್ಞೆ ಸಂಕೀರ್ಣತೆಯ ನಿಯಮವನ್ನು (ಅಕ್ಷರ, ಅಂಕಿ, ಚಿಹ್ನೆಗಳು ಬೆರೆತಿರಬೇಕೆಂಬುದನ್ನು) ತೋರಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅದಕ್ಕಾಗಿ ಡೊಮೇನ್ ಕಂಟ್ರೋಲರಿನ ಪವರ್‌ಶೆಲ್ ತೆರೆದು ‘ಗೆಟ್-ಎಡಿಡಿಫಾಲ್ಟ್‌ಡೊಮೇನ್‌ಪಾಸ್‌ವರ್ಡ್‌ಪಾಲಿಸಿ’ ಎಂಬ ಆಜ್ಞೆ ಕೊಡಬೇಕು.

ಇಲ್ಲಿ ಬಂದ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಇರುತ್ತದೆ. ಕನಿಷ್ಠ ಉದ್ದ 7, ಗರಿಷ್ಠ ಅವಧಿ 42 ದಿನ, ಕನಿಷ್ಠ ಅವಧಿ 1 ದಿನ, ಹಳೆಯ ಪಾಸ್‌ವರ್ಡುಗಳ ನೆನಪು 24 ಎಂದು ಬಂದರೆ ಅವು ಹೊಸ ಡೊಮೇನ್ ಕಟ್ಟಿದಾಗ ತಾನಾಗಿ ಬರುವ ಮೊದಲ ಅಂಕಿಗಳು. ಅಂದರೆ ನೀವು ಬರೆದ ನಿಯಮ ಡೊಮೇನನ್ನು ತಲುಪಿಯೇ ಇಲ್ಲ. ಗುಮಾಸ್ತರ 7 ಅಕ್ಷರಗಳ ಪಾಸ್‌ವರ್ಡ್ ಒಪ್ಪಿಗೆಯಾಗಿ, 6 ಅಕ್ಷರದ್ದು ತಿರಸ್ಕೃತವಾಗುವುದು ಇದೇ ಸ್ಥಿತಿಯ ಹೊರಚಿಹ್ನೆ. ಅಂಕಿ ಸರಿಯಾಗಿ 12 ಎಂದೇ ಬಂದಿದ್ದು ಒಬ್ಬಿಬ್ಬರ ವಿಷಯದಲ್ಲಿ ಮಾತ್ರ ನಿಯಮ ನಡೆಯುತ್ತಿಲ್ಲವಾದರೆ ದೋಷ ಆ ಖಾತೆಗಳಲ್ಲಿದೆ. ಈ ಎರಡು ದಾರಿಗಳು ಇಲ್ಲಿಂದ ಬೇರೆಯಾಗುತ್ತವೆ.

ನಿಯಮ ಡೊಮೇನನ್ನು ತಲುಪದಿದ್ದಾಗ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ, ನಿಯಮವನ್ನು ತಪ್ಪು ಜಾಗಕ್ಕೆ ಜೋಡಿಸಿರುವುದು. ಲೆಕ್ಕಪತ್ರ ವಿಭಾಗಕ್ಕೆ ಒಂದು ಆರ್ಗನೈಸೇಷನಲ್ ಯೂನಿಟ್ (ಖಾತೆ, ಕಂಪ್ಯೂಟರುಗಳನ್ನು ವಿಂಗಡಿಸಿಡುವ ಡೊಮೇನಿನ ಒಳವಿಭಾಗ) ಇದೆ, ಅಲ್ಲಿಯ ಸಿಬ್ಬಂದಿಗೆ ಕಟ್ಟುನಿಟ್ಟು ಬೇಕು, ಆದ್ದರಿಂದ ಪಾಸ್‌ವರ್ಡ್ ನಿಯಮದ ಗ್ರೂಪ್ ಪಾಲಿಸಿಯನ್ನು ಆ ಯೂನಿಟ್ಟಿಗೆ ಜೋಡಿಸಿದರಾಯಿತು ಎಂಬ ಯೋಚನೆ ಸಹಜವಾದದ್ದೇ. ಆದರೆ ಪಾಸ್‌ವರ್ಡ್ ನಿಯಮವು ಬಳಕೆದಾರರ ಮೇಲೆ ಬೀಳುವ ನಿಯಮವಲ್ಲ. ಅದು ಖಾತೆಗಳನ್ನು ಇಟ್ಟುಕೊಂಡ ಕಂಪ್ಯೂಟರಿನ ಮೇಲೆ ಬೀಳುವ ನಿಯಮ. ಡೊಮೇನ್ ಖಾತೆಗಳನ್ನು ಇಟ್ಟುಕೊಂಡದ್ದು ಡೊಮೇನ್ ಕಂಟ್ರೋಲರ್. ಆದ್ದರಿಂದ ಡೊಮೇನಿನ ಬೇರಿಗೇ (ಎಲ್ಲ ಯೂನಿಟ್ಟುಗಳಿಗೂ ಮೇಲಿನ ಹಂತಕ್ಕೆ) ಜೋಡಿಸಿದ ಪಾಲಿಸಿಯಿಂದ ಮಾತ್ರ ಡೊಮೇನ್ ಖಾತೆಗಳ ನಿಯಮ ಬರುತ್ತದೆ. ಯೂನಿಟ್ಟಿಗೆ ಜೋಡಿಸಿದ್ದು ಆ ಯೂನಿಟ್ಟಿನಲ್ಲಿರುವ ಕಂಪ್ಯೂಟರುಗಳ ಸ್ಥಳೀಯ ಖಾತೆಗಳಿಗಷ್ಟೇ ಅನ್ವಯಿಸುತ್ತದೆ, ಯಾವ ದೋಷಸಂದೇಶವನ್ನೂ ಕೊಡದೆ. ಒಂದು ವಿಭಾಗಕ್ಕೆ ಮಾತ್ರ ಬೇರೆ ನಿಯಮ ಬೇಕಾದರೆ ಅದಕ್ಕೆ ಬೇರೆ ಉಪಕರಣವಿದೆ, ಮುಂದೆ ಹೇಳಿದೆ.

ಪಾಲಿಸಿ ಬೇರಿಗೇ ಜೋಡಣೆಯಾಗಿದ್ದೂ ಅಂಕಿಗಳು ಹಳೆಯವೇ ಆಗಿದ್ದರೆ ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟಿನಲ್ಲಿ ಮೂರು ವಿಷಯ ನೋಡಬೇಕು. ಮೊದಲನೆಯದು ಜೋಡಣೆಯ ಕ್ರಮಸಂಖ್ಯೆ. ಡೊಮೇನಿನ ಬೇರಿಗೆ ಒಂದಕ್ಕಿಂತ ಹೆಚ್ಚು ಪಾಲಿಸಿಗಳಿದ್ದು ಎರಡರಲ್ಲೂ ಪಾಸ್‌ವರ್ಡ್ ನಿಯಮವಿದ್ದರೆ ಕ್ರಮಸಂಖ್ಯೆ ಚಿಕ್ಕದಿರುವುದು ಗೆಲ್ಲುತ್ತದೆ. ಹೊಸದಾಗಿ ಜೋಡಿಸಿದ ಪಾಲಿಸಿ ಪಟ್ಟಿಯ ಕೊನೆಗೆ ಹೋಗಿ ಕೂರುವುದರಿಂದ ಡಿಫಾಲ್ಟ್ ಡೊಮೇನ್ ಪಾಲಿಸಿಯ 7 ಅಕ್ಷರ ಹೊಸ ಪಾಲಿಸಿಯ 12 ಅಕ್ಷರವನ್ನು ಮೆಟ್ಟಿ ನಿಲ್ಲುತ್ತದೆ. ಎರಡನೆಯದು ಸೆಕ್ಯುರಿಟಿ ಫಿಲ್ಟರಿಂಗ್, ಅಂದರೆ ಪಾಲಿಸಿ ಯಾರಿಗೆ ಅನ್ವಯಿಸಬೇಕೆಂಬ ಪಟ್ಟಿ. ಅಲ್ಲಿ ‘ಅಥೆಂಟಿಕೇಟೆಡ್ ಯೂಸರ್ಸ್’ ತೆಗೆದು ಸಿಬ್ಬಂದಿಯ ಗುಂಪೊಂದನ್ನು ಹಾಕಿದ್ದರೆ ಆ ಗುಂಪಿನಲ್ಲಿ ಡೊಮೇನ್ ಕಂಟ್ರೋಲರ್ ಇರುವುದಿಲ್ಲ, ಹೀಗಾಗಿ ನಿಯಮವನ್ನು ಜಾರಿ ಮಾಡಬೇಕಾದ ಯಂತ್ರಕ್ಕೇ ಅದನ್ನು ಅನ್ವಯಿಸಿಕೊಳ್ಳುವ ಅಧಿಕಾರ ತಪ್ಪುತ್ತದೆ. ಮೂರನೆಯದು ‘ಡೊಮೇನ್ ಕಂಟ್ರೋಲರ್ಸ್’ ಎಂಬ ಯೂನಿಟ್ಟಿನ ಮೇಲೆ ನೀಲಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆಯಿದೆಯೇ ಎಂಬುದು. ಮೇಲಿನಿಂದ ಬರುವ ಪಾಲಿಸಿಗಳನ್ನು ಅಲ್ಲಿ ತಡೆಹಿಡಿದಿದ್ದಾರೆ ಎಂದು ಅದರ ಅರ್ಥ. ಸರ್ವರ್ ನಿಧಾನವಾಗಿದೆ, ಅನಗತ್ಯ ಪಾಲಿಸಿಗಳು ಬೇಡ ಎಂದು ಯಾರೋ ಯಾವತ್ತೋ ಹಾಕಿಹೋದ ತಡೆ, ಪಾಸ್‌ವರ್ಡ್ ನಿಯಮವನ್ನೂ ಬಾಗಿಲಲ್ಲೇ ನಿಲ್ಲಿಸಿರುತ್ತದೆ.

ಇವೆಲ್ಲ ಸರಿಯಿದ್ದರೆ ನೋಡಬೇಕಾದ ಯಂತ್ರ ಒಂದೇ: ಪಿಡಿಸಿ ಎಮ್ಯುಲೇಟರ್ ಪಾತ್ರ ಹೊತ್ತಿರುವ ಡೊಮೇನ್ ಕಂಟ್ರೋಲರ್. ಪಾಲಿಸಿಯಲ್ಲಿ ಬರೆದ ಅಂಕಿಗಳನ್ನು ಓದಿ ಡೊಮೇನ್ ಆಬ್ಜೆಕ್ಟಿನ (ಡೊಮೇನಿನದೇ ದಾಖಲೆಯ) ಮೇಲೆ ಬರೆಯುವುದು ಆ ಯಂತ್ರದ ಕೆಲಸ. ‘ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ’ ಎಂದರೆ ಅದು ಯಾವುದೆಂದು ತಿಳಿಯುತ್ತದೆ. ಅದರ ಮೇಲೆಯೇ ಕುಳಿತು ‘ಜಿಪಿಅಪ್‌ಡೇಟ್ /ಫೋರ್ಸ್’ ಕೊಟ್ಟು, ನಂತರ ಈವೆಂಟ್ ವ್ಯೂವರಿನ ಅಪ್ಲಿಕೇಷನ್ ಲಾಗಿನಲ್ಲಿ ‘ಎಸ್‌ಸಿಇಸಿಎಲ್‌ಐ’ ಮೂಲದ ದಾಖಲೆ ಹುಡುಕಬೇಕು. 1704 ಎಂಬ ಸಂಖ್ಯೆ ಬಂದರೆ ಭದ್ರತಾ ನಿಯಮಗಳು ಯಶಸ್ವಿಯಾಗಿ ಅನ್ವಯವಾಗಿವೆ. 1202 ಬಂದರೆ ಅನ್ವಯಿಸುವಾಗ ತೊಡಕಾಗಿದೆ. ವಿವರ ವಿಂಡೋಸ್ ಫೋಲ್ಡರಿನೊಳಗಿನ ಸೆಕ್ಯುರಿಟಿ, ಅದರೊಳಗಿನ ಲಾಗ್ಸ್ ಎಂಬಲ್ಲಿರುವ ವಿನ್‌ಲಾಗಾನ್ ಲಾಗಿನಲ್ಲಿ ಸಿಗುತ್ತದೆ. ಸಿಸ್ಟಂ ಲಾಗಿನಲ್ಲಿ ಗ್ರೂಪ್ ಪಾಲಿಸಿಯ 1058 ಕಂಡರೆ ಸರ್ವರಿಗೆ ಪಾಲಿಸಿಯ ಕಡತವನ್ನೇ ಓದಲಾಗುತ್ತಿಲ್ಲ. ಸಿಸ್‌ವಾಲ್ ಹಂಚಿಕೆ (ಪಾಲಿಸಿಯ ಕಡತಗಳಿರುವ ಹಂಚಿದ ಫೋಲ್ಡರ್), ಡಿಎನ್‌ಎಸ್ (ಹೆಸರಿನಿಂದ ಸರ್ವರಿನ ವಿಳಾಸ ಹುಡುಕುವ ವ್ಯವಸ್ಥೆ), ಅನುಮತಿಗಳು, ಈ ಮೂರರಲ್ಲಿ ಒಂದು ಕೆಟ್ಟಿದೆ ಎಂದು ತಿಳಿದು ಆ ದಿಕ್ಕಿಗೆ ಹೋಗಬೇಕು.

ಆಜ್ಞೆ ಕೊಡದೆ ಕಾಯುವುದಾದರೂ ಬಹಳ ಹೊತ್ತು ಬೇಡ. ಡೊಮೇನ್ ಕಂಟ್ರೋಲರುಗಳು ಪಾಲಿಸಿಯನ್ನು 5 ನಿಮಿಷಕ್ಕೊಮ್ಮೆ ಪರಿಶೀಲಿಸುತ್ತವೆ. ಉಳಿದ ಕಂಪ್ಯೂಟರುಗಳು 90 ನಿಮಿಷ ಮತ್ತು ಅದರ ಮೇಲೆ 30 ನಿಮಿಷದವರೆಗೆ ಸೇರಬಹುದಾದ ಅಂತರದಲ್ಲಿ ಪರಿಶೀಲಿಸುತ್ತವೆ. ಡೊಮೇನ್ ಖಾತೆಯ ಪಾಸ್‌ವರ್ಡ್ ನಿಯಮಕ್ಕೆ ಈ ಎರಡನೆಯ ಅಂಕಿಯ ಸಂಬಂಧವೇ ಇಲ್ಲ. ‘ನಾಳೆ ಎಲ್ಲ ಕಂಪ್ಯೂಟರಿಗೂ ಬರುತ್ತದೆ, ಕಾಯೋಣ’ ಎನ್ನುವುದಕ್ಕೆ ಆಧಾರವಿಲ್ಲ.

ಮೂಡಿಗೆರೆಯಲ್ಲಿ ಮಾತ್ರ ಹಳೆಯ ನಿಯಮ

ಮುಖ್ಯ ಕಚೇರಿಯಲ್ಲಿ 12 ಅಕ್ಷರ ಕಡ್ಡಾಯವಾಗಿದ್ದು ಶಾಖೆಯಲ್ಲಿ 7 ಸಾಕಾಗುತ್ತಿದ್ದರೆ ಎರಡು ಡೊಮೇನ್ ಕಂಟ್ರೋಲರುಗಳ ನಡುವೆ ಮಾಹಿತಿ ಹರಿಯುತ್ತಿಲ್ಲ. ‘ರೆಪ್‌ಅಡ್ಮಿನ್ /ರೆಪ್ಲ್‌ಸಮ್ಮರಿ’ ಕೊಟ್ಟು ಕೊನೆಯ ಯಶಸ್ವಿ ವಿನಿಮಯ ಎಷ್ಟು ಹೊತ್ತಿನ ಹಿಂದೆ ನಡೆಯಿತೆಂದು ನೋಡಬೇಕು. ಮಲೆನಾಡಿನ ಶಾಖೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇದು ಹೊಸದಲ್ಲ. ಮರ ಬಿದ್ದು ಕೇಬಲ್ ತುಂಡಾಗಿದೆ, ಕರೆಂಟಿಲ್ಲದೆ ಯುಪಿಎಸ್ ಬರಿದಾಗಿದೆ, ಸರ್ವರ್ ದಿನಗಟ್ಟಲೆ ಒಂಟಿಯಾಗಿದೆ. ಸಂಪರ್ಕ ಬಂದ ಮೇಲೂ ಹರಿವು ಶುರುವಾಗದಿದ್ದರೆ ಗಡಿಯಾರ ನೋಡಿ: ಎರಡು ಯಂತ್ರಗಳ ಸಮಯ 5 ನಿಮಿಷಕ್ಕಿಂತ ಹೆಚ್ಚು ಬೇರೆಯಾದರೆ ಯಂತ್ರಗಳು ಒಂದನ್ನೊಂದು ಗುರುತಿಸುವ ಕರ್ಬೆರೋಸ್ ಎಂಬ ದೃಢೀಕರಣ ಸೋಲುತ್ತದೆ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತ ಹಳೆಯ ಸರ್ವರ್ ಪ್ರತಿ ಬಾರಿ ಕರೆಂಟು ಹೋಗಿ ಬಂದಾಗ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುವುದುಂಟು. ‘ಡಬ್ಲ್ಯೂ32ಟಿಎಂ /ಕ್ವೆರಿ /ಸ್ಟೇಟಸ್’ ಎಂದರೆ ಅದು ಸಮಯವನ್ನು ಎಲ್ಲಿಂದ ಪಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಸರ್ವರುಗಳ ಸಮಯವನ್ನು ಸರಿಯಾದ ಮೂಲಕ್ಕೆ ಹೊಂದಿಸಿಡಬೇಕು, ಲಾಗುಗಳನ್ನು 180 ದಿನ ಕಾಪಾಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿಯೂ ಹೇಳಿದೆ. ಈ ಕೆಲಸಕ್ಕೆ ಆಡಳಿತ ಮಂಡಳಿಯಿಂದ ಹಣ ಕೇಳುವಾಗ ಆ ನಿರ್ದೇಶನ ಉಪಯೋಗಕ್ಕೆ ಬರುತ್ತದೆ.

ನಿಯಮ ಜಾರಿಯಲ್ಲಿದ್ದೂ ಒಂದು ಖಾತೆ ತಪ್ಪಿಸಿಕೊಂಡಿದ್ದರೆ

ಈಗ ಎರಡನೆಯ ದಾರಿ. ಡೊಮೇನಿನ ಅಂಕಿ ಸರಿಯಿದೆ, ಆದರೆ ಒಬ್ಬರ ಪಾಸ್‌ವರ್ಡ್ ದುರ್ಬಲವಾಗಿಯೇ ಇದೆ. ಮೊದಲು ಆ ಪಾಸ್‌ವರ್ಡ್ ಇಟ್ಟದ್ದು ಯಾವಾಗ ಎಂದು ನೋಡಬೇಕು. ನಿಯಮವನ್ನು ಪರೀಕ್ಷಿಸುವುದು ಪಾಸ್‌ವರ್ಡ್ ಇಡುವ ಅಥವಾ ಬದಲಾಯಿಸುವ ಗಳಿಗೆಯಲ್ಲಿ ಮಾತ್ರ. ಅದಕ್ಕೂ ಮೊದಲೇ ಇದ್ದವನ್ನು ಸರ್ವರ್ ತಿರುಗಿ ನೋಡುವುದಿಲ್ಲ. ನೋಡಲು ಸಾಧ್ಯವೂ ಇಲ್ಲ, ಏಕೆಂದರೆ ಅದರ ಬಳಿಯಿರುವುದು ಪಾಸ್‌ವರ್ಡಿನ ಹ್ಯಾಷ್ (ಹಿಂದಕ್ಕೆ ತಿರುಗಿಸಲಾಗದ ಗಣಿತದ ಗುರುತು), ಅದರಿಂದ ಅಕ್ಷರಗಳನ್ನು ಎಣಿಸಲು ಬರುವುದಿಲ್ಲ. ‘ನೆಟ್ ಯೂಸರ್’ ಎಂದು ಬರೆದು ಖಾತೆಯ ಹೆಸರು ಮತ್ತು ‘/ಡೊಮೇನ್’ ಸೇರಿಸಿದರೆ ಪಾಸ್‌ವರ್ಡ್ ಕೊನೆಯದಾಗಿ ಇಟ್ಟ ದಿನ, ಅವಧಿ ಮುಗಿಯುವ ದಿನ, ಬದಲಾಯಿಸಲು ಅನುಮತಿ ಸಿಗುವ ದಿನ, ಪಾಸ್‌ವರ್ಡ್ ಕಡ್ಡಾಯವೇ ಎಂಬ ಉತ್ತರ, ಈ ನಾಲ್ಕು ಸಾಲುಗಳು ಒಂದರ ಕೆಳಗೊಂದು ಬರುತ್ತವೆ.

ಮೊದಲ ಸಾಲಿನ ದಿನಾಂಕ ನಿಯಮಕ್ಕಿಂತ ಹಿಂದಿನದಾದರೆ ದೋಷವೇನೂ ಇಲ್ಲ. ಮುಂದಿನ ಲಾಗಿನ್ನಿನಲ್ಲಿ ಬದಲಾಯಿಸಲೇಬೇಕೆಂಬ ಗುರುತು ಹಾಕಿದರಾಯಿತು. ಎರಡನೆಯ ಸಾಲಿನಲ್ಲಿ ‘ನೆವರ್’ ಎಂದಿದ್ದು ಡೊಮೇನಿನ ನಿಯಮದಲ್ಲಿ ಅವಧಿಯಿದ್ದರೆ ಆ ಖಾತೆಯ ಮೇಲೆ ‘ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್’ ಎಂಬ ಗುರುತಿದೆಯೇ ನೋಡಬೇಕು. ಮ್ಯಾನೇಜಿಂಗ್ ಪಾರ್ಟ್‌ನರುಗಳ ಖಾತೆಗಳಲ್ಲಿ ಈ ಗುರುತು ಇಲ್ಲದಿದ್ದರೇ ಆಶ್ಚರ್ಯ. ನಾಲ್ಕನೆಯ ಸಾಲಿನಲ್ಲಿ ‘ನೋ’ ಎಂದಿದ್ದರೆ ಮಾತ್ರ ಕೈಯಲ್ಲಿರುವ ಬೇರೆ ಕೆಲಸ ಬಿಟ್ಟು ಅದನ್ನು ಸರಿಪಡಿಸಬೇಕು. ಅಂಥ ಖಾತೆಗೆ ಆಡಳಿತಗಾರರು ಪಾಸ್‌ವರ್ಡೇ ಇಲ್ಲದಂತೆ ಇಡಬಹುದು, ಕನಿಷ್ಠ ಉದ್ದದ ನಿಯಮ ಅಡ್ಡಬರುವುದಿಲ್ಲ. ಹಳೆಯ ತಂತ್ರಾಂಶಗಳು ಅಥವಾ ಖಾತೆಗಳನ್ನು ಒಟ್ಟಿಗೆ ಸೃಷ್ಟಿಸುವ ಸ್ಕ್ರಿಪ್ಟುಗಳು ಬಿಟ್ಟುಹೋದ ಗುರುತು ಇದು.

ಇವು ಮೂರೂ ಅಲ್ಲದಿದ್ದರೆ ಆ ಖಾತೆಗೆ ಪ್ರತ್ಯೇಕ ನಿಯಮವಿರಬಹುದು. ವಿಂಡೋಸ್ ಸರ್ವರ್ 2008ರಿಂದ ಪಾಸ್‌ವರ್ಡ್ ಸೆಟ್ಟಿಂಗ್ಸ್ ಆಬ್ಜೆಕ್ಟ್ ಎಂಬ ವ್ಯವಸ್ಥೆಯಿದೆ. 2012ರ ಸರ್ವರಿನಿಂದ ಈಚೆಗೆ ಅದನ್ನು ಆಕ್ಟಿವ್ ಡೈರೆಕ್ಟರಿ ಅಡ್ಮಿನಿಸ್ಟ್ರೇಟಿವ್ ಸೆಂಟರಿನಲ್ಲಿ ಮೌಸ್ ಹಿಡಿದೇ ಮಾಡಬಹುದು. ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಬೇರೆ ನಿಯಮ ಬೇಕೆಂದಾಗ ಬಳಸಬೇಕಾದದ್ದು ಇದನ್ನೇ. ಇದು ಯೂನಿಟ್ಟಿಗೆ ಅಂಟುವುದಿಲ್ಲ. ಬಳಕೆದಾರರಿಗೆ ಅಥವಾ ಗ್ಲೋಬಲ್ ಮಾದರಿಯ ಸೆಕ್ಯುರಿಟಿ ಗುಂಪಿಗೆ ಮಾತ್ರ ಅನ್ವಯಿಸುತ್ತದೆ. ಒಬ್ಬರೇ ಎರಡು ಗುಂಪುಗಳಲ್ಲಿದ್ದು ಎರಡಕ್ಕೂ ಬೇರೆ ಬೇರೆ ನಿಯಮವಿದ್ದರೆ ಆದ್ಯತಾ ಸಂಖ್ಯೆ ಚಿಕ್ಕದಿರುವುದು ಗೆಲ್ಲುತ್ತದೆ. ಬಳಕೆದಾರರಿಗೇ ನೇರವಾಗಿ ಅಂಟಿಸಿದ್ದು ಗುಂಪಿನ ನಿಯಮಗಳನ್ನೆಲ್ಲ ಮೀರುತ್ತದೆ. ಊಹಿಸುತ್ತಾ ಕೂರುವ ಬದಲು ‘ಗೆಟ್-ಎಡಿಯೂಸರ್‌ರಿಸಲ್ಟೆಂಟ್‌ಪಾಸ್‌ವರ್ಡ್‌ಪಾಲಿಸಿ’ ಎಂದು ಬರೆದು ಖಾತೆಯ ಹೆಸರು ಕೊಟ್ಟರೆ ಗೆದ್ದ ನಿಯಮ ಯಾವುದೆಂದು ಬರುತ್ತದೆ. ಉತ್ತರ ಖಾಲಿ ಬಂದರೆ ಪ್ರತ್ಯೇಕ ನಿಯಮವಿಲ್ಲ, ಡೊಮೇನಿನದೇ ಅನ್ವಯ.

ತೋಟದ ಲ್ಯಾಪ್‌ಟಾಪುಗಳದು ಬೇರೆಯೇ ಕಥೆ. ಕಳಸದ ಆಚೆಯ ತೋಟದಲ್ಲಿ ತಿಂಗಳುಗಟ್ಟಲೆ ಕಚೇರಿಯ ನೆಟ್‌ವರ್ಕ್ ಕಾಣದ ಯಂತ್ರವು ನೆನಪಿನಲ್ಲಿಟ್ಟುಕೊಂಡ ಹಳೆಯ ಪಾಸ್‌ವರ್ಡಿನಿಂದಲೇ ಮ್ಯಾನೇಜರನ್ನು ಒಳಗೆ ಬಿಡುತ್ತದೆ. ಸರ್ವರಿನಲ್ಲಿ ಅವರ ಪಾಸ್‌ವರ್ಡಿನ ಅವಧಿ ಮುಗಿದಿದ್ದರೂ ಆ ಯಂತ್ರಕ್ಕೆ ಗೊತ್ತಿಲ್ಲ. ಇದು ನಿಯಮದ ಸೋಲಲ್ಲ. ಆ ಯಂತ್ರವನ್ನು ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಯ ನೆಟ್‌ವರ್ಕಿಗೆ ಸೇರುವ ಸುರಕ್ಷಿತ ದಾರಿ) ಮೂಲಕವಾದರೂ ಆಗಾಗ ಕಚೇರಿಗೆ ಜೋಡಿಸುವ ಏರ್ಪಾಡು ಬೇಕು. ಅಷ್ಟಾಗದೆ ‘ಮುಂದಿನ ಲಾಗಿನ್ನಿನಲ್ಲಿ ಬದಲಾಯಿಸಿ’ ಎಂಬ ಗುರುತು ಹಾಕಿದರೆ, ವಿಪಿಎನ್ ಕೂಡ ಅದೇ ಪಾಸ್‌ವರ್ಡನ್ನು ಕೇಳುವ ಕಡೆ, ಕೊಯ್ಲಿನ ನಡುವೆ ಅವರು ಕಚೇರಿಯ ಕಡತಗಳನ್ನು ತಲುಪಲಾರದೆ ನಿಮಗೇ ಫೋನ್ ಮಾಡುತ್ತಾರೆ.

ಗಟ್ಟಿ ಪಾಸ್‌ವರ್ಡ್ ತಿರಸ್ಕೃತವಾಗುತ್ತಿದ್ದರೆ

ಉದ್ದ ಸಾಲದು, ಸಂಕೀರ್ಣತೆ ಸಾಲದು, ಹಿಂದೆ ಬಳಸಿದ್ದು, ಇನ್ನೂ ಒಂದು ದಿನವಾಗಿಲ್ಲ, ಈ ನಾಲ್ಕು ಬೇರೆ ಬೇರೆ ಕಾರಣಗಳಿಗೂ ವಿಂಡೋಸ್ ತೋರಿಸುವ ಸಂದೇಶ ಒಂದೇ. ಬಳಕೆದಾರರು ಗೊಂದಲಕ್ಕೆ ಬೀಳುವುದು ಇದರಿಂದಲೇ, ಮತ್ತು ಅವರ ಸಿಟ್ಟು ನ್ಯಾಯವಾದದ್ದು.

ಕನಿಷ್ಠ ಅವಧಿಯ ತೊಡಕು ಹೀಗೆ ಬರುತ್ತದೆ. ಪಾಸ್‌ವರ್ಡ್ ಮರೆತವರಿಗೆ ಸಹಾಯಕರು ಬೆಳಿಗ್ಗೆ ತಾತ್ಕಾಲಿಕ ಪಾಸ್‌ವರ್ಡ್ ಇಟ್ಟುಕೊಡುತ್ತಾರೆ, ಆದರೆ ಮುಂದಿನ ಲಾಗಿನ್ನಿನಲ್ಲಿ ಬದಲಾಯಿಸಬೇಕೆಂಬ ಗುರುತು ಹಾಕುವುದಿಲ್ಲ. ಬಳಕೆದಾರರು ಮಧ್ಯಾಹ್ನ ತಮ್ಮದೇ ಪಾಸ್‌ವರ್ಡ್ ಇಡಲು ಹೋದರೆ ಏನು ಕೊಟ್ಟರೂ ತಿರಸ್ಕಾರ. ಮೇಲೆ ಹೇಳಿದ ನಾಲ್ಕು ಸಾಲುಗಳಲ್ಲಿ ಮೂರನೆಯದು ನಾಳೆಯ ದಿನಾಂಕವನ್ನು ತೋರಿಸುತ್ತಿದ್ದರೆ ಕಾರಣ ಇದೇ. ಗುರುತು ಹಾಕಿದರೆ ಕನಿಷ್ಠ ಅವಧಿಯ ಲೆಕ್ಕ ಅಡ್ಡಬರುವುದಿಲ್ಲ. ಪರೀಕ್ಷೆ ಮಾಡುವವರಿಗೂ ಇಲ್ಲೊಂದು ಎಚ್ಚರಿಕೆಯಿದೆ: ಆಡಳಿತಗಾರರು ರೀಸೆಟ್ ಮಾಡುವಾಗ ಹಳೆಯ ಪಾಸ್‌ವರ್ಡುಗಳ ನೆನಪಾಗಲಿ ಕನಿಷ್ಠ ಅವಧಿಯಾಗಲಿ ಲೆಕ್ಕಕ್ಕಿಲ್ಲ, ಉದ್ದ ಮತ್ತು ಸಂಕೀರ್ಣತೆ ಮಾತ್ರ ಲೆಕ್ಕಕ್ಕಿದೆ. ರೀಸೆಟ್ ಮಾಡಿ ನೋಡಿ ‘ಹಳೆಯದನ್ನೇ ಒಪ್ಪುತ್ತಿದೆ, ನಿಯಮ ಕೆಟ್ಟಿದೆ’ ಎಂದು ತೀರ್ಮಾನಿಸಬಾರದು; ಬಳಕೆದಾರರ ಲಾಗಿನ್ನಿನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಬದಲಾಯಿಸಿಯೇ ನೋಡಬೇಕು.

ಸಂಕೀರ್ಣತೆಯ ನಿಯಮದೊಳಗೆ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ವಿಶೇಷ ಚಿಹ್ನೆ, ಮತ್ತು ದೊಡ್ಡ-ಸಣ್ಣ ಎಂಬ ಭೇದವಿಲ್ಲದ ಲಿಪಿಗಳ ಅಕ್ಷರ, ಈ ಐದು ವರ್ಗಗಳಲ್ಲಿ ಮೂರಾದರೂ ಇರಬೇಕೆಂಬುದು ಮೊದಲ ಭಾಗ. ಖಾತೆಯ ಹೆಸರಾಗಲಿ ಪೂರ್ಣ ಹೆಸರಿನ ತುಂಡುಗಳಾಗಲಿ ಪಾಸ್‌ವರ್ಡಿನಲ್ಲಿ ಇರಬಾರದೆಂಬುದು ಎರಡನೆಯ ಭಾಗ. ಪೂರ್ಣ ಹೆಸರನ್ನು ಖಾಲಿ ಜಾಗ, ಚುಕ್ಕೆ, ಅಲ್ಪವಿರಾಮ, ಅಡ್ಡಗೆರೆಗಳಲ್ಲಿ ಕತ್ತರಿಸಿ, ಮೂರು ಅಥವಾ ಹೆಚ್ಚು ಅಕ್ಷರಗಳ ಪ್ರತಿ ತುಂಡನ್ನೂ ಪಾಸ್‌ವರ್ಡಿನೊಳಗೆ ಹುಡುಕಲಾಗುತ್ತದೆ, ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲದೆ. ನಮ್ಮ ಕಡೆಯ ಹೆಸರುಗಳಲ್ಲಿ ಊರು ಸೇರಿಕೊಂಡಿರುತ್ತದೆ. ಖಾತೆಯಲ್ಲಿ ಒಬ್ಬರ ಹೆಸರಿನ ಕೊನೆಗೆ ‘ಬೇಲೂರ್’ ಎಂದು ಇಂಗ್ಲಿಷಿನಲ್ಲಿ ನಮೂದಾಗಿದ್ದರೆ, ಅವರು ಎಷ್ಟೇ ಉದ್ದದ ವಾಕ್ಯ ಕೊಟ್ಟರೂ ಅದರೊಳಗೆ ಬೇಲೂರಿನ ಗುಡಿಯ ಪ್ರಸ್ತಾಪ ಬಂದರೆ ಸಾಕು, ಸರ್ವರ್ ಒಪ್ಪುವುದಿಲ್ಲ. ಅದೇ ಪಾಸ್‌ವರ್ಡನ್ನು ಪಕ್ಕದ ಮೇಜಿನವರು ಇಟ್ಟರೆ ಒಪ್ಪುತ್ತದೆ. ಇಂಥ ದೂರಿನಲ್ಲಿ ಪಾಸ್‌ವರ್ಡ್ ಏನೆಂದು ಕೇಳುವ ಅಗತ್ಯವಿಲ್ಲ, ಕೇಳಲೂಬಾರದು. ‘ನಿಮ್ಮ ಹೆಸರು ಅಥವಾ ಊರಿನ ಹೆಸರು ಅದರಲ್ಲಿ ಬರುತ್ತದೆಯೇ’ ಎಂದಷ್ಟೇ ಕೇಳಿದರೆ ಸಾಕು.

ಐದನೆಯ ವರ್ಗದಲ್ಲಿ ಕನ್ನಡದ ಅಕ್ಷರಗಳೂ ಬರುತ್ತವೆಯಾದ್ದರಿಂದ ಕನ್ನಡದಲ್ಲೇ ಪಾಸ್‌ವರ್ಡ್ ಇಡಬಹುದೇ ಎಂದು ಕೇಳುವವರಿದ್ದಾರೆ. ತಾಂತ್ರಿಕವಾಗಿ ಅಡ್ಡಿಯಿಲ್ಲ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಯೂನಿಕೋಡಿನಲ್ಲಿ ಮೂರು ಸಂಕೇತಗಳಾಗುವುದರಿಂದ ಉದ್ದದ ಲೆಕ್ಕವೂ ಬೇಗ ತುಂಬುತ್ತದೆ. ಆದರೆ ಲಾಗಿನ್ ಪರದೆಯಲ್ಲಿ ಕನ್ನಡದ ಕೀಲಿಮಣೆ ಇಲ್ಲದ ಇನ್ನೊಂದು ಕಂಪ್ಯೂಟರಿನ ಮುಂದೆ ಕುಳಿತ ದಿನ ಅವರು ಹೊರಗೇ ಉಳಿಯುತ್ತಾರೆ. ಹಾಗಾಗಿ ನಾನು ಬೇಡವೆಂದೇ ಹೇಳುತ್ತೇನೆ.

ನಿಯಮ ಪಾಲಿಸಿಯೂ ದುರ್ಬಲವಾದ ಪಾಸ್‌ವರ್ಡ್

ಇಂಗ್ಲಿಷಿನಲ್ಲಿ ‘ರೊಬಸ್ಟಾ’ ಎಂದು ಮೊದಲ ಅಕ್ಷರ ದೊಡ್ಡದಾಗಿ ಬರೆದು ‘@2025’ ಸೇರಿಸಿದರೆ 12 ಅಕ್ಷರವಾಯಿತು, ನಾಲ್ಕು ವರ್ಗಗಳೂ ಬಂದವು, ಸರ್ವರ್ ಸಂತೋಷವಾಗಿ ಒಪ್ಪುತ್ತದೆ. ಕಾಫಿ ಕಚೇರಿಯೊಂದಕ್ಕೆ ನುಗ್ಗಲು ಹೊರಟವನು ಮೊದಲ ಹತ್ತರಲ್ಲಿ ಇದನ್ನು ಪ್ರಯತ್ನಿಸದೆ ಇರುವುದಿಲ್ಲ. ಇದನ್ನು ಜಾರಿಯ ದೋಷವೆಂದು ಹುಡುಕಿದರೆ ಏನೂ ಸಿಗದು. ದೋಷ ನಿಯಮದ ಆಯ್ಕೆಯಲ್ಲಿದೆ. 30 ದಿನಕ್ಕೊಮ್ಮೆ ಬದಲಾಯಿಸುವ ಕಡ್ಡಾಯ ಇಂಥ ಪಾಸ್‌ವರ್ಡುಗಳ ತವರು, ಏಕೆಂದರೆ ಜನ ಕೊನೆಯ ಅಂಕಿಯನ್ನಷ್ಟೇ ಬದಲಾಯಿಸುತ್ತಾ ಹೋಗುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲಿಯೇ ಕಾರಣವಿಲ್ಲದ ಕಾಲಬದ್ಧ ಬದಲಾವಣೆಯನ್ನು ಕೈಬಿಟ್ಟು, ಸೋರಿಕೆಯಾದ ಮತ್ತು ಸಾಮಾನ್ಯ ಪಾಸ್‌ವರ್ಡುಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಲು ಹೇಳಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಶಿಫಾರಸು ಪಟ್ಟಿಯಿಂದ ಅವಧಿಯ ಅಂಶವನ್ನು ತೆಗೆದುಹಾಕಿತು. ಉದ್ದ ಹೆಚ್ಚಿಸಿ ಅವಧಿ ಸಡಿಲಿಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ ಕೂಡ. ಗ್ರೂಪ್ ಪಾಲಿಸಿಯ ಹಳೆಯ ಪರದೆಗಳಲ್ಲಿ ಕನಿಷ್ಠ ಉದ್ದ 14ರ ಮೇಲೆ ಏರುವುದಿಲ್ಲ; ಅದಕ್ಕಿಂತ ಹೆಚ್ಚು ಬೇಕಾದಲ್ಲಿ ಪಾಸ್‌ವರ್ಡ್ ಸೆಟ್ಟಿಂಗ್ಸ್ ಆಬ್ಜೆಕ್ಟ್ ಬಳಸಬಹುದು.

ನಿಷಿದ್ಧ ಪದಗಳ ಪಟ್ಟಿ ಬೇಕಾದರೆ ಪಾಸ್‌ವರ್ಡ್ ಫಿಲ್ಟರ್ ಎಂಬ ಹೆಚ್ಚುವರಿ ತಂತ್ರಾಂಶ ಹಾಕಬೇಕು. ಇದನ್ನು ಹಾಕಿದ ಮೇಲೆ ಬರುವ ವಿಚಿತ್ರ ದೂರೆಂದರೆ ‘ಒಮ್ಮೆ ತಡೆಯುತ್ತದೆ, ಒಮ್ಮೆ ಬಿಡುತ್ತದೆ’ ಎಂಬುದು. ಫಿಲ್ಟರ್ ಕೆಲಸ ಮಾಡುವುದು ತಾನಿರುವ ಡೊಮೇನ್ ಕಂಟ್ರೋಲರಿನಲ್ಲಿ ಮಾತ್ರ. ಚಿಕ್ಕಮಗಳೂರಿನ ಸರ್ವರಿಗೆ ಹಾಕಿ ಮೂಡಿಗೆರೆಯದಕ್ಕೆ ಹಾಕದಿದ್ದರೆ, ಬದಲಾವಣೆಯ ಕೋರಿಕೆ ಯಾವ ಸರ್ವರಿಗೆ ಹೋಯಿತೋ ಅದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಪ್ರತಿ ಡೊಮೇನ್ ಕಂಟ್ರೋಲರಿನಲ್ಲೂ ಹಾಕಿ, ಪ್ರತಿಯೊಂದನ್ನೂ ಮರುಚಾಲನೆ ಮಾಡಬೇಕು. ಮರುಚಾಲನೆಯಾಗುವವರೆಗೆ ಫಿಲ್ಟರ್ ಎಚ್ಚರಗೊಳ್ಳುವುದಿಲ್ಲ.

ವಿಂಡೋಸ್ ಸರ್ವರಿನ ಬದಲು ಸಾಂಬಾ ಎಂಬ ಮುಕ್ತ ತಂತ್ರಾಂಶದ ಮೇಲೆ ಡೊಮೇನ್ ನಡೆಸುವವರಿಗೆ ಒಂದು ಮಾತು. ವಿಂಡೋಸಿನ ಉಪಕರಣಗಳಿಂದ ಗ್ರೂಪ್ ಪಾಲಿಸಿಯಲ್ಲಿ ಬರೆದ ಪಾಸ್‌ವರ್ಡ್ ನಿಯಮವನ್ನು ಸಾಂಬಾ ಸರ್ವರ್ ಮೂಲ ಸ್ಥಿತಿಯಲ್ಲಿ ತನಗೆ ಅನ್ವಯಿಸಿಕೊಳ್ಳುವುದಿಲ್ಲ. ‘ಸಾಂಬಾ-ಟೂಲ್ ಡೊಮೇನ್ ಪಾಸ್‌ವರ್ಡ್‌ಸೆಟ್ಟಿಂಗ್ಸ್ ಶೋ’ ಎಂದು ನೋಡಿ, ‘ಶೋ’ ಬದಲಿಗೆ ‘ಸೆಟ್’ ಬಳಸಿ ತಿದ್ದಬೇಕು.

ಜಾರಿಯಾದ ಮೇಲೆ ಖಾತೆಗಳಿಗೆ ಬೀಗ ಬೀಳುತ್ತಿದ್ದರೆ

ನಿಯಮ ಸರಿಯಾಗಿ ಜಾರಿಯಾಗಿ ಎಲ್ಲರೂ ಹೊಸ ಪಾಸ್‌ವರ್ಡ್ ಇಟ್ಟುಕೊಂಡ ನಂತರ ಕೆಲವರ ಖಾತೆಗೆ ಪದೇ ಪದೇ ಬೀಗ ಬೀಳತೊಡಗುತ್ತದೆ. ಪಿಡಿಸಿ ಎಮ್ಯುಲೇಟರಿನ ಸೆಕ್ಯುರಿಟಿ ಲಾಗಿನಲ್ಲಿ 4740 ಎಂಬ ದಾಖಲೆ ತೆರೆದರೆ ತಪ್ಪು ಪಾಸ್‌ವರ್ಡ್ ಬಂದ ಕಂಪ್ಯೂಟರಿನ ಹೆಸರು ಅಲ್ಲಿರುತ್ತದೆ. ಅಲ್ಲಿಗೆ ಹೋಗಿ ಕ್ರೆಡೆನ್ಷಿಯಲ್ ಮ್ಯಾನೇಜರ್ (ವಿಂಡೋಸ್ ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವ ಜಾಗ), ಜೋಡಿಸಿದ ನೆಟ್‌ವರ್ಕ್ ಡ್ರೈವುಗಳು, ಆ ಖಾತೆಯ ಹೆಸರಿನಲ್ಲಿ ನಡೆಯುವ ಸರ್ವಿಸುಗಳು, ರಾತ್ರಿ ಬ್ಯಾಕಪ್ಪಿಗಾಗಿ ಇಟ್ಟ ಶೆಡ್ಯೂಲ್ಡ್ ಟಾಸ್ಕ್, ಇವುಗಳಲ್ಲಿ ಉಳಿದ ಹಳೆಯ ಪಾಸ್‌ವರ್ಡನ್ನು ಅಳಿಸಬೇಕು. ಹೆಸರಿನ ಜಾಗ ಖಾಲಿಯಿದ್ದರೆ ಅಥವಾ ಅಪರಿಚಿತವಾಗಿದ್ದರೆ ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸುವ ಜೆರಾಕ್ಸ್ ಯಂತ್ರ ಮತ್ತು ಮೇಲ್ ಹಾಕಿಕೊಂಡ ಮೊಬೈಲ್ ಫೋನುಗಳನ್ನು ನೋಡಬೇಕು.

ಈ ದೂರು ಮೊದಲ ಬದಲಾವಣೆಯ ಮರುದಿನವೇ ಬಾರದೆ ತಿಂಗಳುಗಳ ನಂತರ ಬರುವುದಕ್ಕೂ ಕಾರಣವಿದೆ. ತಪ್ಪಾಗಿ ಬಂದ ಪಾಸ್‌ವರ್ಡ್ ಆ ಖಾತೆಯ ಇತಿಹಾಸದ ಕೊನೆಯ ಎರಡರಲ್ಲಿ ಒಂದಾಗಿದ್ದರೆ ಡೊಮೇನ್ ಕಂಟ್ರೋಲರ್ ಅದನ್ನು ಬೀಗದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ಜೆರಾಕ್ಸ್ ಯಂತ್ರದಲ್ಲಿ ಉಳಿದ ಹಳೆಯ ಪಾಸ್‌ವರ್ಡ್ ಒಂದು ಬದಲಾವಣೆಯನ್ನು ಸದ್ದಿಲ್ಲದೆ ದಾಟಿ, ಮುಂದಿನ ಬದಲಾವಣೆಗಳಲ್ಲಿ ಇತಿಹಾಸದ ಹಿಂದಕ್ಕೆ ಸರಿದಾಗ ಮಾತ್ರ ಬೀಗ ಹಾಕಿಸುತ್ತದೆ. ‘ನಿಯಮ ತಂದು ಅಷ್ಟು ದಿನವಾಯಿತು, ಅದರಿಂದ ಆಗಿರಲಿಕ್ಕಿಲ್ಲ’ ಎಂಬ ತರ್ಕವನ್ನು ಇಲ್ಲಿ ನಂಬಬಾರದು.

ವೇಬ್ರಿಡ್ಜಿನ ಕಂಪ್ಯೂಟರಿನ ಬೀಗ ಇದಕ್ಕಿಂತ ಬೇರೆ. ಕೊಯ್ಲಿನ ಕಾಲದಲ್ಲಿ ಅಲ್ಲಿ ಪಾಳಿಗೊಬ್ಬರಂತೆ ಕೂರುತ್ತಾರೆ, ಖಾತೆ ಒಂದೇ. ಬೆಳಗಿನವರು ಪಾಸ್‌ವರ್ಡ್ ಬದಲಾಯಿಸಿ ಹೋಗುತ್ತಾರೆ, ಮಧ್ಯಾಹ್ನದವರು ಹಳೆಯದನ್ನು ಕೊಟ್ಟು, ಆಗದಾಗ ನೆನಪಿಗೆ ಬಂದದ್ದನ್ನೆಲ್ಲ ಕೊಟ್ಟು ಬೀಗ ಹಾಕಿಸುತ್ತಾರೆ, ಹೊರಗೆ ಚೀಲ ತುಂಬಿದ ಲಾರಿಗಳು ಸಾಲುಗಟ್ಟುತ್ತವೆ. ಬೀಗದ ಮಿತಿಯನ್ನು 3ಕ್ಕೆ ಇಳಿಸಿದ ಕಡೆ ಇದು ದಿನದ ಪಾಡು. 10 ತಪ್ಪುಗಳ ಮಿತಿ ಮತ್ತು 15 ನಿಮಿಷದ ನಂತರ ತಾನಾಗಿ ಬಿಡುವ ಬೀಗ ಸಾಮಾನ್ಯ ಕಚೇರಿಗೆ ಸಾಕು. ಮಿತಿ ಏರಿಸಿದ ಮಾತ್ರಕ್ಕೆ ವೇಬ್ರಿಡ್ಜಿನ ತೊಂದರೆ ಹೋಗುವುದಿಲ್ಲ. ಅಲ್ಲಿ ಕೂರುವ ಪ್ರತಿಯೊಬ್ಬರಿಗೂ ಸ್ವಂತ ಖಾತೆ ಕೊಟ್ಟು, ತೂಕದ ತಂತ್ರಾಂಶವನ್ನು ಎಲ್ಲ ಬಳಕೆದಾರರಿಗೂ ತೆರೆಯುವಂತೆ ಮರುಸ್ಥಾಪಿಸಿ, ಹಳೆಯ ಸಾಮೂಹಿಕ ಖಾತೆಯನ್ನು ನಿಷ್ಕ್ರಿಯಗೊಳಿಸಬೇಕು. ಒಂದು ವಾರ ಕಾದು, ಆ ಖಾತೆಯ ಹೆಸರಿನಲ್ಲಿ 4625 ಎಂಬ ವಿಫಲ ಲಾಗಿನ್ ದಾಖಲೆಗಳು ವೇಬ್ರಿಡ್ಜಿನ ಕಂಪ್ಯೂಟರಿನಲ್ಲಾಗಲಿ ಸರ್ವರುಗಳಲ್ಲಾಗಲಿ ಬರುತ್ತಿಲ್ಲವೆಂದು ನೋಡಿಕೊಂಡ ಮೇಲೆ ಅದನ್ನು ಅಳಿಸಬಹುದು.